ಬಳುವಳಿಯ ಸೀಮೆಯಲ್ಲಿ ಅಕ್ಕನ ಜೊತೆ ಒಂದು ದಿನ

ಆತಕೂರಿನ ಕಾಳಿಯ ಕಥೆ ನಿಮಗೆ ಗೊತ್ತಿರಲೇಬೇಕು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಲ್ಲಿದ್ದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಗಂಗರ ಇಮ್ಮಡಿ ಬೂತುಗ ತನ್ನ ಬಂಟ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕು ಅಂತ ಕೇಳಿದನಂತೆ. ಆ ಪುಣ್ಯಾತ್ಮ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿದ. ಆಮೇಲೆ ಆ ನಾಯಿ ಒಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿ ಬಿಟ್ಟರು. ಕ್ರಿ.ಶ. ೯೪೯-೫೦ರ ಮಾತು. ನಾಯಿ ಸಾಕಿದವರು ಯಾರೇ ಓದಿದರೂ ಒಂದು ಕ್ಷಣ ಸುಮ್ಮನಾಗಿಬಿಡುತ್ತಾರೆ.

ಆದರೆ ಅದೇ ಕಲ್ಲಿನಲ್ಲಿ ಇನ್ನೊಂದು ವಿಷಯ ಇದೆ, ನಾಯಿಯ ಗದ್ದಲದಲ್ಲಿ ಅದು ಹಿಂದೆ ಬಿದ್ದುಬಿಡುತ್ತದೆ. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದದ್ದಕ್ಕೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಬೂತುಗನಿಗೆ ಕೊಟ್ಟ ನಾಡುಗಳ ಪಟ್ಟಿ: ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦. ಪುರಿಗೆರೆ ಅಂದರೆ ಇವತ್ತಿನ ಲಕ್ಷ್ಮೇಶ್ವರ. ಬಾಗೆನಾಡು ಬಾಗಲಕೋಟೆಯ ಕಡೆಯದು. ಬೆಳ್ವೊಲ ಮತ್ತು ಕಿಸುಕಾಡು ಮಾತ್ರ ನನಗೆ ಬರೀ ಹೆಸರುಗಳಲ್ಲ. ನಮ್ಮ ಸವಡಿಯ ಸುತ್ತಮುತ್ತಲ ನೆಲವೇ ಅದು. ನರೇಗಲ್ಲು ಬೆಳ್ವೊಲದಲ್ಲಿತ್ತು, ಸೂಡಿ ಕಿಸುಕಾಡಿನಲ್ಲಿತ್ತು. ಹಳೆಯ ರೋಣ ತಾಲೂಕು ಈ ಎರಡು ನಾಡುಗಳ ಮೇಲೆ ಕಾಲು ಚಾಚಿಕೊಂಡು ಕೂತಿತ್ತು ಅನ್ನಬಹುದು.

ಹಾಗಾದರೆ ನಮ್ಮ ನೆಲ ಬೂತುಗನ ಕೈಗೆ ಕತ್ತಿಯ ಬಲದಿಂದ ಬಂತು, ಅಲ್ಲವೇ? ಪಾಠಪುಸ್ತಕ ಹಾಗೆಯೇ ಹೇಳುತ್ತದೆ. ಆದರೆ ಇನ್ನೊಂದು ಕಲ್ಲು ಇದೆ. ಹಳೆಯ ಧಾರವಾಡ ಜಿಲ್ಲೆಯ ಹೆಬ್ಬಾಳದ್ದು, ಕ್ರಿ.ಶ. ೯೭೫ರದ್ದು. ಅದು ಹೇಳುವುದೇ ಬೇರೆ. ಕೃಷ್ಣನ ತಂದೆ ಬದ್ದೆಗ, ಅಂದರೆ ಮೂರನೆಯ ಅಮೋಘವರ್ಷ, ತನ್ನ ಮಗಳು ರೇವಕನಿಮ್ಮಡಿಯನ್ನು ಬೂತುಗನಿಗೆ ಮದುವೆ ಮಾಡಿಕೊಟ್ಟ. ಈಕೆ ಕೃಷ್ಣನ ಅಕ್ಕ. ಮದುವೆಯಲ್ಲಿ ಬಳುವಳಿಯಾಗಿ ಕೊಟ್ಟದ್ದು ಪುಲಿಗೆರೆ ೩೦೦, ಬೆಳ್ವೊಲ ೩೦೦, ಕಿಸುಕಾಡು ೭೦, ಬಾಗೆ ೭೦. ಅವೇ ನಾಡುಗಳು! ಬನವಾಸಿ ಒಂದು ಬಿಟ್ಟು.

ಅಂದರೆ ನಾವು ಹುಟ್ಟಿ ಬೆಳೆದ, ಜೋಳ ಬಿತ್ತಿದ ಈ ಸೀಮೆ ಒಂದು ಕಾಲಕ್ಕೆ ಒಬ್ಬ ಹೆಣ್ಣುಮಗಳ ಬಳುವಳಿ.

ಇದನ್ನು ನಾನು ಮೊದಲು ಓದಿದ್ದು ವರ್ಷಗಳ ಹಿಂದೆ. ಅರ್ಥ ಮಾಡಿಕೊಂಡದ್ದು ಮಾತ್ರ ಕಳೆದ ಮೇ ತಿಂಗಳ ಒಂದು ದಿನ, ಅಕ್ಕನ ಜೊತೆ ಗಾಡಿಯ ಮೇಲೆ ಸುತ್ತುವಾಗ. ಸುತ್ತಾಟ ಯಾರೂ ಗೊತ್ತುಮಾಡಿದ್ದಲ್ಲ. ಬೆಳಿಗ್ಗೆ ಎಂಟಕ್ಕೇ ಕರೆಂಟು ಹೋಗಿತ್ತು. ಮನೆಯೊಳಗೆ ಕೂತರೆ ಬೆವರು, ಹೊರಗೆ ಕಟ್ಟೆಯ ಮೇಲೆ ಕೂತರೆ ಬಿಸಿಗಾಳಿ. ಅಕ್ಕ ಅಡುಗೆಮನೆಯಿಂದ ಬಂದವಳೇ, "ತಮ್ಮಾ, ಇಲ್ಲೇ ಕುಂತು ಬೇಯೂದಕ್ಕಿಂತ ಎಲ್ಲ್ಯರ ಹೋಗೂಣು ನಡಿ. ಗಾಡಿ ಮ್ಯಾಲ ಗಾಳಿಯರ ಬಡೀತೈತಿ" ಅಂದಳು. ಎಲ್ಲಿಗೆ ಅಂದರೆ, "ಸೂಡಿಗೆ. ಇಷ್ಟು ವರ್ಷ ಆತು, ಹೆಸರು ಕೇಳೇನಿ, ಒಮ್ಮೆನೂ ನೋಡಿಲ್ಲ." ಹತ್ತು ನಿಮಿಷದಲ್ಲಿ ನಾಲ್ಕು ಬಿಳಿಜೋಳದ ರೊಟ್ಟಿ, ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ ಬಟ್ಟೆಯಲ್ಲಿ ಕಟ್ಟಿಕೊಂಡು, ಸೆರಗು ತಲೆಯ ಮೇಲೆ ಹೊದ್ದು ಹಿಂದೆ ಕೂತಳು. ಅಕ್ಕನನ್ನು ವಿಜಯಪುರದ ಕಡೆ ಕೊಟ್ಟಿದ್ದು ೧೯೯೨ರಲ್ಲಿ. ತವರಿಗೆ ಬಂದರೆ ಒಂದು ಮದುವೆ, ಒಂದು ಸಾವು, ಒಂದು ಜಾತ್ರೆ ಅಷ್ಟೇ. ಸುಮ್ಮನೆ ತಿರುಗಲು ಅಂತ ನಾವಿಬ್ಬರೂ ಹೊರಗೆ ಬಿದ್ದದ್ದು ಅದೇ ಮೊದಲು.

ಊರಲ್ಲಿ ನೋಡುವುದೇನೂ ಇಲ್ಲ ಅಂತಲ್ಲ. ಸವಡಿಯಲ್ಲಿ ಬ್ರಹ್ಮದೇವನ ಗುಡಿ ಇದೆ, ನಾರಾಯಣದೇವನ ಗುಡಿ ಇದೆ. ಬ್ರಹ್ಮನಿಗೆ ಗುಡಿ ಇರುವುದೇ ಅಪರೂಪ. ೧೮೮೪ರ ಧಾರವಾಡ ಗೆಜೆಟಿಯರ್ ಕೂಡ ಈ ಎರಡು ಗುಡಿಗಳ ಹೆಸರು ಹೇಳಿ ಮುಂದಿನ ಊರಿಗೆ ಹೋಗಿಬಿಡುತ್ತದೆ. ನಾವೂ ಅವತ್ತು ಅದನ್ನೇ ಮಾಡಿದೆವು, ಕೈಮುಗಿದು ರೋಣದ ದಾರಿ ಹಿಡಿದೆವು. :)

ಮೇ ತಿಂಗಳ ಎರಿ ಸೀಮೆ ನೋಡಿದವರಿಗೇ ಗೊತ್ತು. ಹಿಂಗಾರಿಯ ಜೋಳ, ಕಡಲಿ, ಗೋದಿ, ಕುಸುಬಿ ಎಲ್ಲ ರಾಶಿಯಾಗಿ ಮನೆ ಸೇರಿ ತಿಂಗಳುಗಳಾಗಿರುತ್ತವೆ. ಕಣ್ಣು ಹಾಯುವ ತನಕ ಕರಿ ನೆಲ, ಮೊಣಕೈ ತನಕ ಕೈ ಹೋಗುವಷ್ಟು ಬಿರುಕು. ಅಲ್ಲೊಂದು ಬನ್ನಿ, ಇಲ್ಲೊಂದು ಬೇವು, ಹಳ್ಳದ ದಂಡೆಗೆ ಜಾಲಿ. ನೆರಳು ಅಂದರೆ ಅಷ್ಟೇ. ಹೊರಗಿನವರು ಬಸ್ಸಿನ ಕಿಟಕಿಯಿಂದ ನೋಡಿ "ಏನೂ ಇಲ್ಲದ ಊರುಗಳು" ಅಂತ ಬರೆದದ್ದನ್ನು ಓದಿದ್ದೇನೆ. ಬೆಳ್ವೊಲ ಎಂಬ ಹೆಸರಿನಲ್ಲಿ ಬೆಳೆಯ ಹೊಲವೇ ಇದೆ, ನಾವು ಈಗಲೂ ಬೆಳವಲ ನಾಡು ಅನ್ನುತ್ತೇವೆ. ಮಳೆ ಬಿದ್ದ ಮೇಲೆ ಬಂದು ನೋಡಬೇಕು ಈ ಜನ.

ರೋಣ ದಾಟಿ ಗಜೇಂದ್ರಗಡದ ಗುಡ್ಡಗಳ ಕಡೆಗೆ ಹೋಗುತ್ತ ಹೋಗುತ್ತ ಎರಿ ಸರಿದು ಮಸಾರಿ ಬರಲು ಶುರುವಾಗುತ್ತದೆ. ಕಿಸು ಅಂದರೆ ಹಳಗನ್ನಡದಲ್ಲಿ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಕೆಂಪು ಊರು. ಕಿಸುಕಾಡು ಅಂದರೆ ಕೆಂಪು ಕಾಡು. ಸಾವಿರ ವರ್ಷದ ಹಿಂದಿನವರು ನಕಾಶೆ ಬರೆಯದೆಯೇ, ಮಣ್ಣಿನ ಬಣ್ಣ ನೋಡಿ ನಾಡಿಗೆ ಹೆಸರಿಟ್ಟಂತೆ ಕಾಣುತ್ತದೆ. ಹೆಸರಿನ ಮುಂದಿನ ೩೦೦, ೭೦ ಅನ್ನುವುದನ್ನು ಊರುಗಳ ಲೆಕ್ಕ ಅಂತ ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ.

ಗಾಡಿ ಓಡಿಸುತ್ತ ನಾನು ಇದನ್ನೆಲ್ಲ ಕೂಗಿ ಕೂಗಿ ಹೇಳುತ್ತಿದ್ದೆ. ಬಿಸಿಗಾಳಿಯಲ್ಲಿ ಅರ್ಧ ಮಾತು ಹಾರಿಹೋಗುತ್ತಿತ್ತು. ಬಳುವಳಿ ಅನ್ನುವ ಮಾತು ಮಾತ್ರ ಅಕ್ಕನ ಕಿವಿಗೆ ಸರಿಯಾಗಿ ಬಿತ್ತು.

"ಯಾರಿಗೆ ಬಳುವಳಿ?"

"ರೇವಕನಿಮ್ಮಡಿಗೆ. ಚಕ್ರವರ್ತಿ ಅಕ್ಕ. ಈ ಎಲ್ಲಾ ಊರು ಆಕಿ ಮದುವ್ಯಾಗ ಕೊಟ್ಟಿದ್ದು."

"ಆಕಿಗೆ ಕೊಟ್ಟಿದ್ದೋ, ಆಕಿ ಗಂಡಗ ಕೊಟ್ಟಿದ್ದೋ?"

ನೋಡಿ, ಇತಿಹಾಸಕಾರರು ಪುಟಗಟ್ಟಲೆ ಚರ್ಚೆ ಮಾಡಿದ್ದು ಬಳುವಳಿಯೋ ಬಹುಮಾನವೋ ಅನ್ನುವುದನ್ನು. ಒಂದು ಕಲ್ಲು ಯುದ್ಧದ ಬಿಸಿ ಆರುವ ಮೊದಲೇ ಬರೆದದ್ದು, ಇನ್ನೊಂದು ಇಪ್ಪತ್ತೈದು ವರ್ಷ ಬಿಟ್ಟು ಬರೆದದ್ದು. ಎರಡನ್ನೂ ಹೊಂದಿಸುವುದು ಕಷ್ಟವೇನಲ್ಲ. ನಾಲ್ಕು ನಾಡು ಮದುವೆಯಲ್ಲಿ ಮೊದಲೇ ಬಂದಿದ್ದವು, ಯುದ್ಧದ ನಂತರ ಕೃಷ್ಣ ಅವನ್ನೇ ಮತ್ತೆ ಗಟ್ಟಿಮಾಡಿ, ಹೊಸದಾಗಿ ಬನವಾಸಿಯನ್ನು ಸೇರಿಸಿ ಕೊಟ್ಟ ಅಂತ ಓದಿದರೆ ಎರಡು ಕಲ್ಲೂ ಸುಳ್ಳು ಹೇಳುವುದಿಲ್ಲ. ನನಗೆ ಇದೇ ಸರಿ ಕಾಣುತ್ತದೆ. ಆದರೆ ಅಕ್ಕ ಕೇಳಿದ್ದು ಬೇರೆಯೇ ಪ್ರಶ್ನೆ. ಬಳುವಳಿಯಾಗಿ ಬಂದ ಸೀಮೆಯನ್ನು ಆಳಿದವರು ಯಾರು? ಬೂತುಗ. ರೇವಕನಿಮ್ಮಡಿಯ ಹೆಸರು ಹೆಬ್ಬಾಳದ ಕಲ್ಲಿನಲ್ಲಿ ಬರುವುದು ಯಾರಿಗೆ ಕೊಟ್ಟರು, ಜೊತೆಗೆ ಏನು ಕೊಟ್ಟರು ಅನ್ನುವುದಕ್ಕೆ. ಮಗಳ ಹೆಸರಿನಲ್ಲಿ ನೆಲ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿತು. ಕೈಯಿಂದ ಕೈಗೆ ದಾಟಿದ್ದು ಮಾತ್ರ ಗಂಡಸರ ಕೈಗೆ.

ಸೂಡಿ ಬಂತು. ಹಳೆಯ ಶಾಸನಗಳಲ್ಲಿ ಇದು ಸೂಂಡಿ. ಈಗ ಗಜೇಂದ್ರಗಡ ತಾಲೂಕಿಗೆ ಸೇರುತ್ತದೆ, ನಮ್ಮ ಬಾಯಲ್ಲಿ ಇನ್ನೂ ರೋಣ ತಾಲೂಕೇ. ಜೋಡುಕಳಸದ ಗುಡಿ ಮೊದಲು ನೋಡಿದೆವು. ೧೦೬೦ರಲ್ಲಿ ನಾಗದೇವ ಎಂಬ ದಂಡನಾಯಕ ಕಟ್ಟಿಸಿದ್ದು. ಎದುರುಬದುರಾಗಿ ಎರಡು ಗರ್ಭಗುಡಿ, ನಡುವೆ ಇಬ್ಬರಿಗೂ ಒಂದೇ ಮಂಟಪ, ಮೇಲೆ ಎರಡು ಶಿಖರ. ಹೊರಗೆ ಕಾಲಿಟ್ಟರೆ ಅಂಗಾಲು ಸುಡುವ ಹೊತ್ತು, ಒಳಗಿನ ಕಲ್ಲು ತಣ್ಣಗಿತ್ತು. ಅಕ್ಕ ಒಂದು ಕಂಬಕ್ಕೆ ಒರಗಿ ಕೂತವಳು ಹದಿನೈದು ನಿಮಿಷ ಏಳಲೇ ಇಲ್ಲ. ಹತ್ತಿರದಲ್ಲೇ ನಾಗಕುಂಡ ಎಂಬ ಮೆಟ್ಟಿಲಿನ ಹೊಂಡ. ಅದರ ಒಳಗೋಡೆಯ ಕೆತ್ತನೆ ನೋಡಿದರೆ ಇದು ನೀರು ತುಂಬಲು ಕಟ್ಟಿದ್ದೋ ಪೂಜೆ ಮಾಡಲು ಕಟ್ಟಿದ್ದೋ ಅನಿಸುತ್ತದೆ. ಮತ್ತೊಂದು ಕಡೆ ಆಳೆತ್ತರ ಮೀರಿದ ಗಣಪತಿ.

ಈ ಊರಲ್ಲಿ ಟಂಕಸಾಲೆ ಇತ್ತು ಅಂದರೆ ಇವತ್ತು ನಂಬುವುದು ಕಷ್ಟ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನಾಣ್ಯ ಹೊಡೆಯುತ್ತಿದ್ದ ಊರುಗಳಲ್ಲಿ ಲೊಕ್ಕಿಗುಂಡಿ (ನಮ್ಮ ಲಕ್ಕುಂಡಿ) ಒಂದು, ಸೂಡಿ ಇನ್ನೊಂದು. ಆಗಿನ ಚಿನ್ನದ ಗದ್ಯಾಣ ೯೬ ಗ್ರೇನ್ ತೂಗುತ್ತಿತ್ತು, ಆರು ಗ್ರಾಮಿಗೆ ಸ್ವಲ್ಪ ಮೇಲೆ. ಅಕ್ಕ ತನ್ನ ಕೈಯಲ್ಲಿದ್ದ ಬಳೆ ನೋಡಿಕೊಂಡಳು.

ಸೂಡಿಯದ್ದೇ ಇನ್ನೊಂದು ತಮಾಷೆ ಕೇಳಿ. ಇಲ್ಲಿನ ಒಂದು ತಾಮ್ರಪಟ ೯೩೮ರ ತಾರೀಖು ಹೊತ್ತಿದೆ. ಬೂತುಗನ ಇನ್ನೊಬ್ಬ ರಾಣಿ ದೀವಳಾಂಬೆ ಸೂಂಡಿಯಲ್ಲಿ ಬಸದಿ ಕಟ್ಟಿಸಿದಳು, ಅದಕ್ಕೆ ಬೂತುಗ ಭೂಮಿ ಕೊಟ್ಟ ಅಂತ ಅದರ ಸಾರ. ಅದನ್ನು ಪ್ರಕಟಿಸಿದ ಜೆ.ಎಫ್. ಫ್ಲೀಟ್ ಸಾಹೇಬ ಓದಿ ನೋಡಿ ಇದು ಖೊಟ್ಟಿ ಅಂದುಬಿಟ್ಟ. ಆಮೇಲಿನವರು ಯಾರೋ ಹಳೆಯ ತಾರೀಖು ಹಾಕಿ ಬರೆಸಿದ್ದು ಅಂತ ಅವನ ತೀರ್ಮಾನ. ಭೂಮಿಗಾಗಿ ಸುಳ್ಳು ಕಾಗದ ಮಾಡಿಸುವುದು ತಹಶೀಲ್ದಾರ ಕಚೇರಿಗಳು ಬರುವುದಕ್ಕಿಂತ ಎಷ್ಟೋ ಮೊದಲಿನ ವಿದ್ಯೆ ಅಂತಾಯಿತು. ಬಸದಿ ಕಟ್ಟಿಸಿದವಳು ರಾಣಿ ಅಂತ ಬರೆದರೆ ನಂಬುವ ಜನ ಇದ್ದರು ಅನ್ನುವುದಂತೂ ಖೊಟ್ಟಿ ಪಟದಿಂದಲೂ ಗೊತ್ತಾಗುತ್ತದೆ. ಸುಳ್ಳು ಹೇಳುವವನು ನಂಬುವಂಥದ್ದನ್ನೇ ಹೇಳಬೇಕಲ್ಲ!

ಈಗ ಅಕ್ಕಾದೇವಿಗೆ ಬರುತ್ತೇನೆ. ಸೂಡಿಗೆ ಹೋಗಿ ಗುಡಿ ನೋಡಿ, ಫೋಟೋ ಹೊಡೆದು, ಅಕ್ಕಾದೇವಿಯ ಹೆಸರು ಎತ್ತದೆ ವಾಪಸ್ ಬರುವವರ ಮೇಲೆ ನನಗೆ ಸಣ್ಣ ಸಿಟ್ಟಿದೆ.

ಇವಳು ಕಲ್ಯಾಣದ ಚಾಲುಕ್ಯರ ಮನೆಮಗಳು. ದಶವರ್ಮ ಮತ್ತು ಭಾಗಲದೇವಿಯ ಮಗಳು, ತೈಲಪನ ಮೊಮ್ಮಗಳು. ಐದನೆಯ ವಿಕ್ರಮಾದಿತ್ಯ, ಇಮ್ಮಡಿ ಜಯಸಿಂಹ ಇಬ್ಬರೂ ಇವಳ ಒಡಹುಟ್ಟಿದವರು. ೧೦೧೦ರ ಸೂಡಿಯ ಶಾಸನದಲ್ಲೇ ಕಿಸುಕಾಡು ೭೦ನ್ನು ಆಳುತ್ತಿರುವವಳು ಅಂತ ಇವಳ ಹೆಸರು ಬರುತ್ತದೆ. ಅಲ್ಲಿಂದ ಹಿಡಿದು ಜಯಸಿಂಹನ ಮಗ ಒಂದನೆಯ ಸೋಮೇಶ್ವರನ ಕಾಲದವರೆಗೆ, ೧೦೫೦ ದಾಟುವವರೆಗೆ, ನಾಲ್ಕು ದಶಕ ಇವಳ ಹೆಸರು ಶಾಸನಗಳಲ್ಲಿ ಬರುತ್ತಲೇ ಇರುತ್ತದೆ. ಸಿಂಹಾಸನದ ಮೇಲೆ ದೊರೆಗಳು ಬದಲಾದರು, ಇವಳು ಬದಲಾಗಲಿಲ್ಲ. ಬಿರುದು ಗುಣದ ಬೆಡಂಗಿ. ಇನ್ನೊಂದು ಹೊಗಳಿಕೆ ರಣಭೈರವಿ ಅಂತ, ಬಾದಾಮಿ ತಾಲೂಕಿನ ಬೇಲೂರಿನ ೧೦೨೨ರ ಶಾಸನದ್ದು. ಅದು ಬರೀ ಕವಿಯ ಬಾಯಿಮಾತಲ್ಲ. ೧೦೪೭ರಲ್ಲಿ ಗೋಕಾಗೆಯ ಕೋಟೆಗೆ, ಅಂದರೆ ಗೋಕಾಕಿಗೆ, ಇವಳು ಮುತ್ತಿಗೆ ಹಾಕಿ ಬೀಡುಬಿಟ್ಟಿದ್ದಳು ಅಂತ ಬಾಗಲಕೋಟೆ ಜಿಲ್ಲೆಯ ಅರಸಿಬೀದಿಯ ಶಾಸನ ಹೇಳುತ್ತದೆ. ಬೀಡಿನಿಂದಲೇ ಗುಣದ ಬೆಡಂಗಿ ಜಿನಾಲಯಕ್ಕೆ ದಾನ ಕೊಟ್ಟಳು. ೧೦೧೦ಕ್ಕೆ ಇವಳಿಗೆ ಹದಿನೈದೇ ವರ್ಷ ಅಂತ ಇಟ್ಟುಕೊಂಡರೂ ಗೋಕಾಕಿನ ಹೊತ್ತಿಗೆ ಐವತ್ತು ದಾಟಿದವಳು.

"ನನ್ನ ವಾರಿಗಿಯಾಕಿ ಅನ್ನು," ಅಂದಳು ಅಕ್ಕ. "ನನಗ ಈ ಮೆಟ್ಟಲ ಹತ್ತೂದ್ರಾಗ ಮೊಣಕಾಲು ಹಿಡಿದಾವು."

ಆದರೆ ಕೋಟೆ ಮುತ್ತಿದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಸೂಡಿಯ ಇನ್ನೊಂದು ಶಾಸನ, ೧೦೫೦ರ ಸುಮಾರಿನದ್ದು. ಆ ಶತಮಾನದ ಮೊದಲ ಅರ್ಧ ಈ ನಾಡು ಚೋಳರ ದಂಡಿನ ಕಾಲಿಗೆ ಸಿಕ್ಕಿ ನಲುಗಿದ ಕಾಲ. ೧೦೦೭ರ ದಾಳಿಯಲ್ಲಿ ಒಂಬತ್ತು ಲಕ್ಷ ದಂಡು ಬಂದು ಹೆಂಗಸು ಮಕ್ಕಳೆನ್ನದೆ ಕೊಂದಿತು ಅಂತ ಹೊಟ್ಟೂರಿನ ಶಾಸನ ಅಳುತ್ತದೆ. ಲೆಕ್ಕ ಹೆಚ್ಚಿರಬಹುದು, ಅಳು ಸುಳ್ಳಲ್ಲ. ಆಮೇಲೆಯೂ ದಾಳಿಗಳು ನಿಲ್ಲಲಿಲ್ಲ. ಇಂಥ ಯುದ್ಧದಲ್ಲಿ ಸೂಂಡಿಯ ವ್ಯಾಪಾರಿಗಳ ಕಟ್ಟಳೆಯ ಶಾಸನ ಹಾಳಾಗಿಹೋಯಿತು. ಎಂಟು ಸೆಟ್ಟಿಗಳು, ಎಂಭತ್ತು ಒಕ್ಕಲು ಅಂತ ಇದ್ದ ಆ ಊರಿನ ಕೂಟಕ್ಕೆ ಅದುವೇ ಆಧಾರ. ತಮ್ಮ ಹಕ್ಕೇನು, ಹೊಣೆಯೇನು ಅಂತ ತೋರಿಸಲು ಅವರ ಹತ್ತಿರ ಏನೂ ಉಳಿಯಲಿಲ್ಲ. ಆಗ ಅಕ್ಕಾದೇವಿ ವಿಕ್ರಮಪುರದ ಬೀಡಿನಲ್ಲಿ ತನ್ನ ಮಂತ್ರಿಗಳನ್ನೆಲ್ಲ ಸೇರಿಸಿ, ಆ ಸೆಟ್ಟಿಗಳಿಗೂ ಒಕ್ಕಲುಗಳಿಗೂ ಹಳೆಯ ಕಟ್ಟಳೆಯನ್ನು ಹೊಸದಾಗಿ ಮಾಡಿಕೊಟ್ಟಳು. ವಿಕ್ರಮಪುರ ಅಂದರೆ ಮೇಲೆ ಹೇಳಿದ ಅರಸಿಬೀದಿಯೇ.

ಯೋಚನೆ ಮಾಡಿ. ಗೆದ್ದವರು ಗುಡಿ ಕಟ್ಟಿಸಿದ್ದಕ್ಕೆ, ಕೆರೆ ಕಟ್ಟಿಸಿದ್ದಕ್ಕೆ ಶಾಸನಗಳು ಬೇಕಾದಷ್ಟಿವೆ. ಯುದ್ಧ ಮುಗಿದ ಮೇಲೆ ಸಾಮಾನ್ಯ ಜನರ ಕಳೆದುಹೋದ ಕಾಗದವನ್ನು ಮತ್ತೆ ಬರೆಸಿಕೊಟ್ಟ ಶಾಸನ ಎಷ್ಟಿವೆ? ಎಲ್.ಡಿ. ಬಾರ್ನೆಟ್ ಈ ಸೂಡಿ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ ೧೫ನೆಯ ಸಂಪುಟದಲ್ಲಿ ಅಚ್ಚುಮಾಡಿ ನೂರು ವರ್ಷ ದಾಟಿತು. ನಮ್ಮ ಶಾಲೆಯಲ್ಲಿ ಒಬ್ಬ ಮಾಸ್ತರರೂ ಹೇಳಲಿಲ್ಲ. ಪಾಪ, ಅವರಿಗೆ ಯಾರು ಹೇಳಿದ್ದರು.

ಅಕ್ಕ ಇದನ್ನು ಬೇವಿನ ಮರದ ಕೆಳಗೆ ರೊಟ್ಟಿ ಮುರಿಯುತ್ತ ಕೇಳಿದಳು. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ನನ್ನ ಕಡೆ ಸರಿಸಿದಳು.

"ಅಂದ್ರ ಗಂಡಸರ ಉತಾರ ಕಳದಿತ್ತು, ಹೆಣ್ಣಮಗಳು ಮತ್ತ ಬರಸಿಕೊಟ್ಟಳು."

"ಹೂಂ, ಹಂಗ ಅಂತ ತಿಳ್ಕೊ."

"ನಾಳೆ ನಮ್ಮನ್ಯಾಗೂ ಅದ ಆಗೂದೈತಿ ನೋಡು. ನಿಮ್ಮ ಉತಾರ ನಾ ಬರಸಿಕೊಡಾಕ ಬಂದೀನಿ." ನಕ್ಕಳು. ನಗೆಯೇ ಅದು, ಕುಹಕ ಅಲ್ಲ.

ಹೇಳಬೇಕು, ಅಕ್ಕ ಊರಿಗೆ ಬಂದಿದ್ದು ವಾಟ್ನಿಗೆ. ಅಪ್ಪ ಹೋದ ಮೇಲೆ ಎಂಟು ಎಕರೆ ಎರಿ ಹೊಲ ಹಾಗೆಯೇ ಅಪ್ಪನ ಹೆಸರಿನಲ್ಲಿತ್ತು. ನಾನು, ತಮ್ಮ ಇಬ್ಬರೂ ನಮ್ಮ ನಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು, ಅಕ್ಕ ಹಕ್ಕು ಬಿಟ್ಟುಕೊಟ್ಟೆ ಅಂತ ಸಹಿ ಹಾಕುವುದು. ಕಾಗದ ಟೈಪಾಗಿ ಮನೆಯ ಜಗಲಿಯ ಗೂಡಿನಲ್ಲಿ ಕೂತಿತ್ತು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೀಗೇ. ಅಕ್ಕತಂಗಿಯರಿಗೆ ಒಂದು ಇಳಕಲ್ ಸೀರೆ, ಒಂದು ಊಟ, ಒಂದು ಸಹಿ. ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚಿತು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಇದರಲ್ಲಿ ಇತಿಹಾಸ ಎಲ್ಲಿ ಬಂತು ಅನ್ನಬೇಡಿ. ಇದರಲ್ಲೇ ಇದೆ. ಗಂಡುಮಗನಿಗೆ ಹುಟ್ಟುತ್ತಲೇ ಪಿತ್ರಾರ್ಜಿತದಲ್ಲಿ ಹಕ್ಕು ಅಂತ ವಿವರಿಸಿ ಬರೆದ ಗ್ರಂಥ ಮಿತಾಕ್ಷರ. ಬರೆದವನು ವಿಜ್ಞಾನೇಶ್ವರ. ಎಲ್ಲಿ ಕೂತು? ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಈ ವಿಕ್ರಮಾದಿತ್ಯ ಯಾರು? ನಮ್ಮ ಅಕ್ಕಾದೇವಿಯ ಒಡಹುಟ್ಟಿದ ಜಯಸಿಂಹನ ಮೊಮ್ಮಗ. ಅದೇ ಮನೆತನದ ಹೆಣ್ಣೊಬ್ಬಳು ನಾಡು ಆಳಿ, ಕೋಟೆ ಮುತ್ತಿ, ಊರಿನವರ ಕಟ್ಟಳೆ ಬರೆಸಿಕೊಟ್ಟು ಹೋದ ಎರಡೇ ತಲೆಮಾರಿಗೆ, ಅದೇ ಅರಮನೆಯ ನೆರಳಲ್ಲಿ ಈ ಗ್ರಂಥ ಹುಟ್ಟಿತು. ವಿಜ್ಞಾನೇಶ್ವರನನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಸ್ತ್ರೀಧನದ ವಿಷಯದಲ್ಲಿ ಅವನದು ದೊಡ್ಡ ಮನಸ್ಸು. ಹೆಣ್ಣಿಗೆ ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಿಂದ ಬಂದದ್ದು ಎಲ್ಲವೂ ಅವಳ ಸ್ತ್ರೀಧನವೇ ಅಂತ ಅವನು ಅರ್ಥ ಹೇಳಿದ. ೧೮೧೦ರಲ್ಲಿ ಕೋಲ್‌ಬ್ರೂಕ್ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಕಂಪನಿಯ ಕೋರ್ಟುಗಳು ಅದನ್ನೇ ಬಂಗಾಳ ಬಿಟ್ಟು ಬಹುಪಾಲು ದೇಶದ ಹಿಂದೂಗಳ ಕಾನೂನು ಮಾಡಿದವು. ಸ್ತ್ರೀಧನದ ದೊಡ್ಡ ಮನಸ್ಸು ಕೋರ್ಟಿನಲ್ಲಿ ಚಿಕ್ಕದಾಯಿತು, ಮಗನ ಹಕ್ಕು ಮಾತ್ರ ಕಲ್ಲಿನ ಹಾಗೆ ಉಳಿಯಿತು.

ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು ೧೯೯೪ರ ಜುಲೈ ೩೦ಕ್ಕೆ. ಮಗಳಿಗೂ ಮಗನ ಹಾಗೆ ಹುಟ್ಟಿನಿಂದಲೇ ಹಕ್ಕು, ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ. ಅಕ್ಕನ ಮದುವೆ ೧೯೯೨. ಎರಡು ವರ್ಷ ಮೊದಲು ತಾಳಿ ಬಿದ್ದದ್ದಕ್ಕೆ ಹಕ್ಕಿಲ್ಲ! ಕೇಂದ್ರದ ತಿದ್ದುಪಡಿ ೨೦೦೫ರ ಸೆಪ್ಟೆಂಬರ್ ೯ಕ್ಕೆ ಬಂತು, ಅದರಲ್ಲಿ ಮದುವೆಯ ಗೋಡೆ ಇಲ್ಲ. ಅಪ್ಪ ೨೦೦೫ಕ್ಕೆ ಬದುಕಿರಬೇಕಿತ್ತೋ ಬೇಡವೋ ಅಂತ ಕೋರ್ಟುಗಳು ಹದಿನೈದು ವರ್ಷ ಜಗ್ಗಾಡಿ, ಕೊನೆಗೆ ೨೦೨೦ರ ಆಗಸ್ಟ್ ೧೧ರಂದು ಸುಪ್ರೀಂ ಕೋರ್ಟು ಬೇಡ ಅಂತ ಹೇಳಿತು. ಇದಷ್ಟನ್ನೂ ನಾನು ಅಕ್ಕನಿಗೆ ಬೇವಿನ ಮರದ ಕೆಳಗೆ ಹೇಳಿದೆ. ಹೇಳುವಾಗ ನನ್ನ ಪಾಲು ನಾಲ್ಕು ಎಕರೆಯಿಂದ ಮೂರರ ಹತ್ತಿರ ಇಳಿಯುತ್ತಿರುವುದು ನನ್ನ ತಲೆಯಲ್ಲಿರಲಿಲ್ಲ ಅಂದರೆ ನೀವೂ ನಂಬುವುದಿಲ್ಲ. :)

ಅಕ್ಕ ಬಟ್ಟೆ ಝಾಡಿಸಿ ಎದ್ದಳು. "ಇರಲಿ ನಡಿ. ಬಿಸಲ ಏರಾಕತ್ತೈತಿ."

ಸೂಡಿಯಿಂದ ಇಟಗಿ ಹತ್ತಿರ. ಇಟಗಿ ಅಂದ ತಕ್ಷಣ ಹೊರಗಿನವರು ದೇವಾಲಯ ಚಕ್ರವರ್ತಿ ಎನಿಸಿಕೊಂಡ ಮಹಾದೇವ ದೇವಾಲಯ ಅಂದುಕೊಳ್ಳುತ್ತಾರೆ. ೧೧೧೨ರ ಆ ಗುಡಿ ಇರುವ ಇಟಗಿ ಕೊಪ್ಪಳ ಜಿಲ್ಲೆಯದು. ನಮ್ಮದು ಭೀಮವ್ವನ ಇಟಗಿ, ಭೀಮಾಂಬಿಕೆಯ ಇಟಗಿ. ಹುಡುಗರಿದ್ದಾಗ ಜಾತ್ರೆಗೆ ಬಂದದ್ದು ಇಬ್ಬರಿಗೂ ನೆನಪಿತ್ತು, ಏನು ತಿಂದೆವು ಅನ್ನುವುದರಲ್ಲಿ ಮಾತ್ರ ಜಗಳ. ಕಾಯಿ ಒಡೆಸಿದೆವು. ಅಲ್ಲಿಂದ ಗಜೇಂದ್ರಗಡ. ಟಿಪ್ಪು ಮತ್ತು ಮರಾಠರ ನಡುವೆ ೧೭೮೭ರಲ್ಲಿ ಒಪ್ಪಂದವಾದ ಊರು, ಬಾದಾಮಿ ಟಿಪ್ಪುವಿನ ಕೈಬಿಟ್ಟು ಮರಾಠರಿಗೆ ಹೋದ ಒಪ್ಪಂದ. ಕೋಟೆ ಹತ್ತುವ ಧೈರ್ಯ ಆ ಬಿಸಿಲಲ್ಲಿ ನಮಗಿರಲಿಲ್ಲ. ಕಾಲಕಾಲೇಶ್ವರನ ಗುಡಿಗೆ ಹೋಗಿ ಅಂತರಗಂಗೆಯ ನೀರನ್ನು ಮುಖಕ್ಕೆ, ಕತ್ತಿಗೆ, ಕಾಲಿಗೆ ಹಾಕಿಕೊಂಡೆವು. ಮೇ ತಿಂಗಳಲ್ಲೂ ಬಂಡೆಯೊಳಗಿಂದ ನೀರು ಬರುವುದನ್ನು ನೋಡಿ ಅಕ್ಕನಿಗೆ ಆದ ಸಂತೋಷ ಅವತ್ತು ಯಾವ ಶಾಸನವೂ ಕೊಟ್ಟಿರಲಿಲ್ಲ.

ನರೇಗಲ್ಲಿಗೆ ಬಂದಾಗ ಹೊತ್ತು ಇಳಿದಿತ್ತು. ಈಗ ನಾರಾಯಣನ ಗುಡಿ ಅಂತ ಕರೆಯುವುದು ಮೂಲದಲ್ಲಿ ಜೈನ ಬಸದಿ. ರಾಷ್ಟ್ರಕೂಟರ ಕಾಲದ ಬಸದಿಗಳಲ್ಲಿ ಇಷ್ಟು ದೊಡ್ಡದು ಕರ್ನಾಟಕದಲ್ಲಿ ಇನ್ನೊಂದಿಲ್ಲ ಅಂತ ಹೇಳುತ್ತಾರೆ. ಕೆತ್ತನೆ ಹೆಚ್ಚಿಲ್ಲ, ಸೂಡಿಯ ಕುಸುರಿ ನೋಡಿ ಬಂದವರಿಗೆ ಬೋಳು ಅನಿಸುತ್ತದೆ. ಗಾತ್ರವೇ ಮಾತಾಡುತ್ತದೆ. ಕ್ರಿ.ಶ. ೯೫೦ರಲ್ಲಿ, ಅಂದರೆ ತಕ್ಕೋಲದ ಯುದ್ಧ ಮುಗಿದು ಕಾಳಿ ನಾಯಿಗೆ ಕಲ್ಲು ನಿಂತ ಹೊತ್ತಿನಲ್ಲೇ, ಇಲ್ಲಿ ಬಸದಿ ಕಟ್ಟಿಸಿದವಳು ಪದ್ಮಬ್ಬರಸಿ. ಬೂತುಗನ ರಾಣಿಯರಲ್ಲಿ ಇನ್ನೊಬ್ಬಳು. (ರಾಣಿಯರ ಲೆಕ್ಕ ಇಡುವಷ್ಟರಲ್ಲಿ ಅಕ್ಕನಿಗೆ ಬೂತುಗನ ಮೇಲಿದ್ದ ಗೌರವ ಪೂರ್ತಿ ಹೋಗಿತ್ತು.) ಗಂಡ ಯುದ್ಧದಲ್ಲಿ ಗೆದ್ದ ಅಂತ ಒಂದು ಕಡೆ ಬರೆಯುತ್ತಿದ್ದರೆ, ರೇವಕನಿಮ್ಮಡಿಯ ಬಳುವಳಿಯಾಗಿ ಬಂದ ಅದೇ ಬೆಳ್ವೊಲದಲ್ಲಿ ಅವಳ ಸವತಿ ಗೋಡೆ ಏರಿಸುತ್ತಿದ್ದಳು. ರೇವಕನಿಮ್ಮಡಿ ಇದನ್ನು ಹೇಗೆ ತೆಗೆದುಕೊಂಡಳೋ, ಅದನ್ನು ಯಾವ ಕಲ್ಲೂ ಹೇಳುವುದಿಲ್ಲ.

ಬಸದಿಗೆ ಹೊಂದಿ ಒಂದು ದಾನಶಾಲೆ ಇತ್ತು. ಆ ದಾನಶಾಲೆಗೆ ನಮಯರ ಮಾರಸಿಂಘಯ್ಯ ಎಂಬ ಸಾಮಂತ ಒಂದು ಕೆರೆಯನ್ನು ದಾನ ಬಿಟ್ಟ. ಬಂದವರಿಗೆ ಅನ್ನ, ಅನ್ನಕ್ಕೆ ಭತ್ತವೋ ಜೋಳವೋ, ಅದಕ್ಕೆ ನೀರು, ನೀರಿಗೆ ಕೆರೆ. ಬೆಳವಲದಲ್ಲಿ ಒಂದು ಗುಡಿ ನಡೆಯಬೇಕಾದರೆ ಏನು ಬೇಕು ಅನ್ನುವುದು ಆ ಜನರಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಗುಡಿಯನ್ನು ಒಂದು ಸುತ್ತು ಹಾಕಿ ಬಂದು, ಯಾವುದೋ ಲೆಕ್ಕ ಮುಗಿಸಿದವಳ ಹಾಗೆ ಹೇಳಿದಳು. "ನನಗ ಮೂರನೇ ಪಾಲು ಬ್ಯಾಡ. ಬಾವಿ ಮಗ್ಗಲದ ಒಂದು ಎಕರೆ ನನ್ನ ಹೆಸರಲೆ ಇರಲಿ. ನೀವ ಉಳೀರಿ, ನೀವ ಉಣ್ಣ್ರಿ. ಉತಾರದಾಗ ನನ್ನ ಹೆಸರ ಇರಬೇಕು."

ನಾನು ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದೆ. ಅವನು ಮೊದಲು ಸುಮ್ಮನಿದ್ದ. ಆಮೇಲೆ ಬಾವಿ ಮಗ್ಗಲದ್ದೇ ಯಾಕೆ ಅಂದ. ಫೋನನ್ನು ಅಕ್ಕನ ಕೈಗೆ ಕೊಟ್ಟು ನಾನು ಗುಡಿಯ ಹಿಂಭಾಗದ ಫೋಟೋ ತೆಗೆಯಲು ಹೋದೆ. ಅರ್ಧ ತಾಸು ಮಾತು ನಡೆಯಿತು, ನಡುವೆ ಒಂದೆರಡು ಸಲ ದನಿ ಏರಿತು, ಒಂದು ಸಲ ನಗೆ ಕೇಳಿತು. ಮೂರು ವಾರ ಬಿಟ್ಟು ಹೊಸದಾಗಿ ಟೈಪ್ ಮಾಡಿಸಿದ ಕಾಗದಕ್ಕೆ ಮೂವರೂ ಸಹಿ ಹಾಕಿದೆವು. ಬಾವಿ ತಮ್ಮನ ಪಾಲಿಗೆ ಹೋಯಿತು, ಮಗ್ಗಲದ ಒಂದು ಎಕರೆ ಅಕ್ಕನ ಹೆಸರಿನಲ್ಲಿದೆ, ನೀರಿನ ಹಕ್ಕು ಬೇರೆ ಸಾಲಿನಲ್ಲಿ ಬರೆಸಿದ್ದಾಳೆ. ಮುಂಗಾರಿಗೆ ಅದರಲ್ಲಿ ಹೆಸರು ಬಿತ್ತಿದೆವು.

ನರೇಗಲ್ಲಿನ ಫೋಟೋಗಳು ಕತ್ತಲಾಗಿ ಬಂದಿವೆ, ಹಾಕುವ ಹಾಗಿಲ್ಲ. ಸೂಡಿಯ ನಾಗಕುಂಡದ್ದು ಮೂರು ಚೆನ್ನಾಗಿವೆ. ಅರಸಿಬೀದಿಗೆ ದೀಪಾವಳಿಯ ಸುಮಾರಿಗೆ ಹೋಗುವುದು ಅಂತ ಮಾತಾಗಿದೆ. ಆ ಕಡೆ ಬಸ್ಸಿನ ಅನುಕೂಲ ಗೊತ್ತಿರುವವರು ತಿಳಿಸಿ. ಅಕ್ಕ ಇನ್ನು ಗಾಡಿಯ ಮೇಲೆ ಅಷ್ಟು ದೂರ ಕೂರುವುದಿಲ್ಲವಂತೆ.